ಮೊದಲಿನ ಒಂದು ತಾಸು: ಸಾಮೂಹಿಕ ಅನಾಹುತದಲ್ಲಿ ವೈದ್ಯಕೀಯ ಏರ್ಪಾಡು

‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು’ ಎಂಬ ಗಾದೆ ನಮ್ಮವರ ಬಾಯಲ್ಲಿ ಇಂದಿಗೂ ಇದೆ. ಹಾಗೆ ತೋಡುವವನ ಶ್ರಮದಲ್ಲಿ ಕೊರತೆಯೇನೂ ಇರುವುದಿಲ್ಲ. ಬೆವರು ಸುರಿಸಿಯೇ ತೋಡುತ್ತಾನೆ. ಆದರೆ ನೀರು ಕಾಣುವಷ್ಟರಲ್ಲಿ ಮನೆ ಬೂದಿಯಾಗಿರುತ್ತದೆ. ದೊಡ್ಡ ನಗರದಲ್ಲಿ ಬಾಂಬು ಸಿಡಿದು ನೂರಾರು ಮಂದಿ ಒಮ್ಮೆಲೇ ಗಾಯಗೊಂಡಾಗಲೂ ಹೀಗೆಯೇ. ಅಂಥ ಹೊತ್ತಿನಲ್ಲಿ ಜನರ ದಯೆಗೂ ಧೈರ್ಯಕ್ಕೂ ಬರವಿರುವುದಿಲ್ಲ. ಬರವಿರುವುದು ಶಾಂತಿಯ ದಿನಗಳಲ್ಲಿ ಗೊತ್ತುಮಾಡಿಟ್ಟ ಏರ್ಪಾಡಿಗೆ. ಆ ಏರ್ಪಾಡು ಎಂದರೇನು, ಅದರಲ್ಲಿ ಆಸ್ಪತ್ರೆಯ ಪಾಲೆಷ್ಟು, ದಿನವೂ ಗಾಡಿ ಹಿಡಿದು ಕೆಲಸಕ್ಕೆ ಹೋಗುವ ನಮ್ಮ ಪಾಲೆಷ್ಟು ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ.

೧. ಒಂದು ಸಂಜೆಯ ವೃತ್ತಾಂತ

೨೦೦೬ನೆಯ ಇಸವಿ ಜುಲೈ ೧೧, ಮಂಗಳವಾರ. ಮಳೆಗಾಲ. ಮುಂಬಯಿಯ ಕಚೇರಿಗಳು ಬಿಟ್ಟು, ಚರ್ಚ್‌ಗೇಟಿನಿಂದ ಉತ್ತರಕ್ಕೆ ಹೋಗುವ ಪಶ್ಚಿಮ ರೇಲ್ವೆಯ ಲೋಕಲ್ ಗಾಡಿಗಳು ಕಿಕ್ಕಿರಿದಿದ್ದವು. ಸಂಜೆ ೬-೨೪ರಿಂದ ಸುಮಾರು ೧೧ ನಿಮಿಷಗಳ ಅವಧಿಯಲ್ಲಿ ಏಳು ಗಾಡಿಗಳ ಮೊದಲನೆಯ ವರ್ಗದ ಡಬ್ಬಿಗಳಲ್ಲಿ ಏಳು ಬಾಂಬುಗಳು ಸಿಡಿದವು. ಮಾಟುಂಗಾ ರೋಡ್, ಮಾಹಿಮ್, ಬಾಂದ್ರಾ, ಖಾರ್, ಜೋಗೇಶ್ವರಿ, ಬೋರಿವಲಿ, ಮೀರಾ ರೋಡ್ ಈ ನಿಲ್ದಾಣಗಳ ಸುತ್ತಮುತ್ತ ಅನಾಹುತ ನಡೆಯಿತು. ೧೮೦ಕ್ಕೂ ಹೆಚ್ಚು ಮಂದಿ ಸತ್ತರು. ನೂರಾರು ಮಂದಿ ಗಾಯಗೊಂಡರು.

ಮೊದಲು ಓಡಿಬಂದವರು ಯಾರು? ವೈದ್ಯರಲ್ಲ, ಪೊಲೀಸರಲ್ಲ. ಜೊತೆಯ ಪ್ರಯಾಣಿಕರು, ಅಂಗಡಿಯವರು ಮತ್ತು ಹಳಿಗಳ ಪಕ್ಕದ ಜೋಪಡಿಗಳ ಬಡಜನ. ಅವರು ತಮ್ಮ ಮನೆಯ ಹಾಸಿಗೆ ಬಟ್ಟೆಗಳನ್ನೇ ತಂದು, ಅವುಗಳಲ್ಲಿ ಗಾಯಾಳುಗಳನ್ನು ಹೊತ್ತು ರಸ್ತೆಗೆ ಮುಟ್ಟಿಸಿದರು. ಟ್ಯಾಕ್ಸಿ, ರಿಕ್ಷಾ, ಖಾಸಗಿ ಮೋಟಾರು, ಏನು ಸಿಕ್ಕಿತೋ ಅದರಲ್ಲಿ ಗಾಯಾಳುಗಳು ಭಾಭಾ, ಸಾಯನ್, ಕೆ.ಇ.ಎಂ., ಕೂಪರ್, ಭಗವತಿ ಮೊದಲಾದ ಆಸ್ಪತ್ರೆಗಳಿಗೆ ಸೇರಿದರು. ಇಂದಿನ ೧೦೮ ಆಂಬುಲೆನ್ಸ್ ಸೇವೆ ಆಗ ಇರಲಿಲ್ಲ. ಮಹಾರಾಷ್ಟ್ರದಲ್ಲಿ ಅದು ಆರಂಭವಾದದ್ದು ೨೦೧೪ರಲ್ಲಿ. ಎಲ್ಲರೂ ಒಮ್ಮೆಗೇ ಮಾತನಾಡಲೆತ್ನಿಸಿದ್ದರಿಂದ ಮೊಬೈಲು ಫೋನಿನ ಜಾಲ ಕಟ್ಟಿಹೋಯಿತು. ಮನೆಯವರು ರಾತ್ರಿಯಿಡೀ ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ಅಲೆದು, ಹಲಗೆಗೆ ಅಂಟಿಸಿದ ಪಟ್ಟಿಗಳಲ್ಲಿ ಹೆಸರು ಹುಡುಕಿದರು.

ಈ ವೃತ್ತಾಂತದಲ್ಲಿ ಹೆಮ್ಮೆಪಡುವ ಸಂಗತಿ ಒಂದಿದೆ, ಯೋಚಿಸಬೇಕಾದ ಸಂಗತಿ ಮತ್ತೊಂದಿದೆ. ಸಾಮಾನ್ಯ ಜನರ ಪರೋಪಕಾರ ಹೆಮ್ಮೆಯದು. ಆದರೆ ಯಾರನ್ನು ಮೊದಲು ಒಯ್ಯಬೇಕು, ಎಲ್ಲಿಗೆ ಒಯ್ಯಬೇಕು, ಒಯ್ದವರ ಹೆಸರು ಎಲ್ಲಿ ಬರೆದಿಡಬೇಕು ಎಂಬ ಮೂರು ಪ್ರಶ್ನೆಗಳಿಗೆ ಹಳಿಯ ಬಳಿ ನಿಂತವನ ಹತ್ತಿರ ಉತ್ತರವಿರಲಿಲ್ಲ. ಏರ್ಪಾಡು ಎಂದರೆ ಈ ಮೂರಕ್ಕೆ ಮೊದಲೇ ಉತ್ತರ ಸಿದ್ಧಮಾಡಿಡುವುದು.

೨. ಸ್ಫೋಟದಿಂದ ದೇಹಕ್ಕೆ ಆಗುವುದೇನು?

ಬಾಂಬಿನ ಪೆಟ್ಟು ಒಂದೇ ಬಗೆಯದಲ್ಲ. ವೈದ್ಯರು ಅದನ್ನು ನಾಲ್ಕು ವಿಧವಾಗಿ ಎಣಿಸುತ್ತಾರೆ. ಮೊದಲನೆಯದು ಗಾಳಿಯ ಒತ್ತಡದ ಅಲೆಯಿಂದ ಆಗುವ ಪೆಟ್ಟು. ಗಾಳಿ ತುಂಬಿದ ಅವಯವಗಳಾದ ಕಿವಿ, ಶ್ವಾಸಕೋಶ, ಕರುಳುಗಳು ಇದರಿಂದ ಹಾನಿಗೊಳ್ಳುತ್ತವೆ. ಹೊರಗೆ ಗಾಯ ಕಾಣದಿದ್ದರೂ ಒಳಗೆ ಶ್ವಾಸಕೋಶ ಹರಿದಿರಬಹುದು. ರೇಲ್ವೆ ಡಬ್ಬಿಯಂಥ ಮುಚ್ಚಿದ ಜಾಗದಲ್ಲಿ ಅಲೆಯು ಗೋಡೆಗೆ ಬಡಿದು ಮರಳುವುದರಿಂದ ಈ ಬಗೆಯ ಪೆಟ್ಟು ಹೆಚ್ಚು. ಎರಡನೆಯದು ಮೊಳೆ, ಗಾಜು, ತಗಡಿನ ಚೂರುಗಳು ಹಾರಿ ನೆಡುವುದರಿಂದ ಆಗುವ ಗಾಯ. ಮೂರನೆಯದು ದೇಹವೇ ಎಸೆಯಲ್ಪಟ್ಟು ಬೀಳುವುದರಿಂದ ಆಗುವ ಪೆಟ್ಟು. ನಾಲ್ಕನೆಯದು ಸುಟ್ಟಗಾಯ, ಹೊಗೆ ಮೊದಲಾದವು.

ಇದರಿಂದ ತಿಳಿಯುವ ಎರಡು ಮಾತುಗಳಿವೆ. ಸ್ಫೋಟದ ಹತ್ತಿರವಿದ್ದವರಲ್ಲಿ ಅನೇಕರ ಕಿವಿಯ ತಮಟೆ ಹರಿದಿರುತ್ತದೆ. ನಾವು ಕೂಗಿ ಹೇಳಿದ್ದು ಅವರಿಗೆ ಕೇಳಿಸುವುದಿಲ್ಲ, ಕೈಸನ್ನೆಯಿಂದ ತಿಳಿಸಬೇಕು. ಎರಡನೆಯದಾಗಿ, ‘ನನಗೇನೂ ಆಗಿಲ್ಲ’ ಎಂದು ಎದ್ದು ಮನೆಗೆ ನಡೆದವನಿಗೆ ಆಮೇಲೆ ಉಸಿರು ಕಟ್ಟುವುದು, ಎದೆನೋವು, ರಕ್ತ ಕೆಮ್ಮುವುದು ಕಾಣಿಸಿದರೆ ಆತನು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

೩. ವಿಂಗಡಣೆ

ಸಾಮಾನ್ಯ ದಿನಗಳಲ್ಲಿ ಆಸ್ಪತ್ರೆಯ ನಿಯಮ ಸರಳ: ಬಂದ ರೋಗಿಗೆ ಇರುವ ಎಲ್ಲ ಚಿಕಿತ್ಸೆಯನ್ನೂ ಕೊಡುವುದು. ನೂರು ಮಂದಿ ಒಮ್ಮೆಲೇ ಬಂದು, ಶಸ್ತ್ರವೈದ್ಯರು ಹತ್ತೇ ಮಂದಿ ಇದ್ದಾಗ ಈ ನಿಯಮ ನಡೆಯುವುದಿಲ್ಲ. ಆಗ ಹೆಚ್ಚಿನ ಜನರನ್ನು ಬದುಕಿಸುವುದು ಹೇಗೆಂಬುದೇ ಲೆಕ್ಕ. ಇದಕ್ಕಾಗಿ ಗಾಯಾಳುಗಳನ್ನು ವಿಂಗಡಿಸುವ ಪದ್ಧತಿ ಹುಟ್ಟಿತು. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಲಾರೆ ಎಂಬಾತನು ದರ್ಜೆಯನ್ನು ನೋಡದೆ, ಗಾಯದ ಗಂಭೀರತೆಯನ್ನೇ ನೋಡಿ ಚಿಕಿತ್ಸೆಯ ಸರದಿ ನಿಶ್ಚಯಿಸಬೇಕೆಂದು ಹೇಳಿದನು. ಇಂದಿನ ಪದ್ಧತಿಗೆ ಅದೇ ಬೇರು.

ಈಗ ಅನೇಕ ದೇಶಗಳಲ್ಲಿ ನಾಲ್ಕು ಬಣ್ಣದ ಚೀಟಿಗಳನ್ನು ಬಳಸುತ್ತಾರೆ. ಕೆಂಪು ಚೀಟಿಯವನಿಗೆ ಈ ಕ್ಷಣವೇ ಚಿಕಿತ್ಸೆ ಬೇಕು, ದೊರೆತರೆ ಬದುಕುವನು. ಹಳದಿಯವನ ಗಾಯ ದೊಡ್ಡದು, ಆದರೆ ಸ್ವಲ್ಪ ಹೊತ್ತು ತಾಳಬಲ್ಲನು. ಹಸಿರಿನವನು ನಡೆದಾಡಬಲ್ಲನು. ಕಪ್ಪು ಚೀಟಿ ಸತ್ತವನಿಗೆ ಅಥವಾ ಬದುಕುವ ಆಸೆ ಇಲ್ಲದವನಿಗೆ.

ವಿಂಗಡಿಸುವವನು ಒಬ್ಬೊಬ್ಬನ ಬಳಿ ಅರ್ಧ ಅಥವಾ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು. ೧೯೮೩ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದ ಒಂದು ಸುಲಭ ಪದ್ಧತಿ ಹೀಗಿದೆ: ‘ನಡೆಯಬಲ್ಲವರೆಲ್ಲ ಆ ಕಡೆಗೆ ಬನ್ನಿ’ ಎಂದು ಕರೆದರೆ ಹಸಿರಿನವರು ತಾವೇ ಬೇರೆಯಾಗುತ್ತಾರೆ. ಉಳಿದವರಲ್ಲಿ ಮೊದಲು ಉಸಿರು ನೋಡುವುದು. ಉಸಿರಿಲ್ಲದಿದ್ದರೆ ತಲೆಯನ್ನು ಸರಿಪಡಿಸಿ ಗಂಟಲಿನ ದಾರಿ ತೆರೆಯುವುದು. ಆಗಲೂ ಇಲ್ಲದಿದ್ದರೆ ಕಪ್ಪು, ಆಗ ಉಸಿರು ಮರಳಿದರೆ ಕೆಂಪು. ಉಸಿರು ನಿಮಿಷಕ್ಕೆ ೩೦ಕ್ಕಿಂತ ಹೆಚ್ಚಿದ್ದರೆ ಕೆಂಪು. ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ ಕೆಂಪು. ‘ಕೈ ಎತ್ತು’ ಎಂಬಂಥ ಸರಳ ಮಾತಿನಂತೆ ನಡೆಯಲಾರದಿದ್ದರೆ ಕೆಂಪು. ಇವೆಲ್ಲ ಸರಿಯಿದ್ದು ನಡೆಯಲಾರದವನಿಗೆ ಹಳದಿ.

ಕಪ್ಪು ಚೀಟಿ ಕಟ್ಟುವುದು ಕಠೋರವೆಂದು ತೋರಬಹುದು. ಆದರೆ ಉಳಿಯಲಾರದವನ ಬಳಿ ಮೂವರು ವೈದ್ಯರು ಕುಳಿತಿರುವಾಗ, ಉಳಿಯಬಹುದಾಗಿದ್ದ ಮೂವರು ಹೊರಗೆ ರಕ್ತ ಸುರಿದು ಸತ್ತರೆ ಅದು ಇನ್ನೂ ಕಠೋರ. ಇದನ್ನು ಆ ಗಳಿಗೆಯಲ್ಲಿ ಒಬ್ಬನೇ ಮನುಷ್ಯನು ತನ್ನ ಎದೆಗಾರಿಕೆಯ ಮೇಲೆ ನಿಶ್ಚಯಿಸುವಂತಾಗಬಾರದು. ನಿಯಮವನ್ನು ಮೊದಲೇ ಬರೆದಿಟ್ಟು, ಕಲಿಸಿರಬೇಕು.

೪. ಹೊರೆಯ ಹಂಚಿಕೆ

ಸ್ಪೇನ್ ದೇಶದ ಮ್ಯಾಡ್ರಿಡ್ ನಗರದಲ್ಲಿ ೨೦೦೪ನೆಯ ಮಾರ್ಚ್ ೧೧ರ ಬೆಳಿಗ್ಗೆ ಕೆಲಸಗಾರರನ್ನು ತುಂಬಿಕೊಂಡು ಬರುತ್ತಿದ್ದ ನಾಲ್ಕು ಉಪನಗರ ಗಾಡಿಗಳಲ್ಲಿ ಹತ್ತು ಬಾಂಬುಗಳು ಸಿಡಿದವು. ೧೯೦ಕ್ಕೂ ಹೆಚ್ಚು ಮಂದಿ ಸತ್ತರು. ಗ್ರೆಗೊರಿಯೊ ಮರಾನ್ಯೋನ್ ಎಂಬ ಒಂದೇ ಆಸ್ಪತ್ರೆಗೆ ೩೧೨ ಗಾಯಾಳುಗಳು ಬಂದರು. ಅವರಲ್ಲಿ ಒಳಗೆ ಸೇರಿಸಿಕೊಳ್ಳಬೇಕಾದವರು ಸುಮಾರು ೯೦ ಮಂದಿ. ಪ್ರಾಣಾಪಾಯದ ಸ್ಥಿತಿಯಲ್ಲಿದ್ದವರು ೨೯ ಮಂದಿ.

ಈ ಲೆಕ್ಕವನ್ನು ಓದುಗರು ಎರಡು ಸಲ ಓದಬೇಕು. ೩೧೨ ಮಂದಿಯ ಗುಂಪಿನಲ್ಲಿ ೨೯ ಮಂದಿಯನ್ನು ಬೇಗ ಹುಡುಕಿ ತೆಗೆಯುವುದೇ ಆ ಬೆಳಗಿನ ನಿಜವಾದ ಕೆಲಸವಾಗಿತ್ತು. ಸಣ್ಣ ಗಾಯದವರು ಬಾಗಿಲಲ್ಲಿ ತುಂಬಿಕೊಂಡಷ್ಟೂ ಆ ೨೯ ಮಂದಿ ಮರೆಯಾಗುತ್ತಾರೆ. ಹಲವು ಸ್ಫೋಟಗಳ ಅಂಕೆಗಳನ್ನು ಕೂಡಿಸಿ ನೋಡಿದ ವೈದ್ಯರು ಇದನ್ನೇ ಕಂಡರು: ಗಂಭೀರವಲ್ಲದವರನ್ನು ಗಂಭೀರರೆಂದು ಎಣಿಸಿ ಒಳಗೆ ಕಳಿಸಿದಷ್ಟೂ, ನಿಜವಾಗಿ ಗಂಭೀರರಾದವರ ಸಾವು ಹೆಚ್ಚಿತ್ತು.

ಸಾಮಾನ್ಯವಾಗಿ ನಡೆಯಬಲ್ಲವರು ತಾವಾಗಿಯೇ ಹತ್ತಿರದ ಆಸ್ಪತ್ರೆಗೆ ಮೊದಲು ಮುಟ್ಟುತ್ತಾರೆ. ಮಲಗಿದವರನ್ನು ಆಮೇಲೆ ತರುತ್ತಾರೆ. ಅಷ್ಟರಲ್ಲಿ ಅಲ್ಲಿ ಹಾಸಿಗೆಯೂ ಇಲ್ಲ, ವೈದ್ಯರೂ ಇಲ್ಲ ಎಂಬಂತಾಗಿರುತ್ತದೆ. ಎರಡು ಮೈಲಿ ಆಚೆಗಿನ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು ಕೈಕಟ್ಟಿ ಕಾಯುತ್ತಿರುತ್ತಾರೆ! ಆದಕಾರಣ ಯಾವ ಆಸ್ಪತ್ರೆ ಎಷ್ಟು ಕೆಂಪು ಚೀಟಿಯವರನ್ನು ಕೊಳ್ಳಬಲ್ಲದು ಎಂಬುದನ್ನು ಒಂದೇ ಕಡೆ ಕುಳಿತು ತಿಳಿದು, ವಾಹನಗಳನ್ನು ಕಳಿಸುವ ಅಧಿಕಾರಿ ಒಬ್ಬನಿರಬೇಕು.

ಅಮೆರಿಕದ ಬೋಸ್ಟನ್ ನಗರದಲ್ಲಿ ೨೦೧೩ನೆಯ ಏಪ್ರಿಲ್ ೧೫ರಂದು ದೊಡ್ಡ ಓಟದ ಪಂದ್ಯ ನಡೆದಿದ್ದಾಗ ಕೆಲವೇ ಸೆಕೆಂಡುಗಳ ಅಂತರದಲ್ಲಿ ಎರಡು ಬಾಂಬುಗಳು ಸಿಡಿದವು. ಮೂವರು ಅಲ್ಲಿಯೇ ಪ್ರಾಣಬಿಟ್ಟರು. ಇನ್ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಹಲವರು ಕಾಲು ಕಳೆದುಕೊಂಡರು. ಆದರೆ ಜೀವವಿದ್ದು ಆಸ್ಪತ್ರೆ ಮುಟ್ಟಿದವರಲ್ಲಿ ಒಬ್ಬರೂ ಸಾಯಲಿಲ್ಲ. ಓಟಗಾರರಿಗಾಗಿ ಹಾಕಿದ್ದ ವೈದ್ಯಕೀಯ ಡೇರೆ ಅಲ್ಲಿಯೇ ಇತ್ತು ಎಂಬುದು ಅದೃಷ್ಟ. ಗಾಯಾಳುಗಳನ್ನು ಒಂದೇ ಆಸ್ಪತ್ರೆಗೆ ಸುರಿಯದೆ ಹಲವಕ್ಕೆ ಹಂಚಿದ್ದು ಮಾತ್ರ ಅದೃಷ್ಟವಲ್ಲ; ಮೊದಲೇ ಕಲಿತಿದ್ದ ಪಾಠ.

೫. ಆಸ್ಪತ್ರೆಯ ಒಳಗೆ

ಒಳ್ಳೆಯ ಯೋಜನೆಯಲ್ಲಿ ಮೊದಲ ಸಾಲು ಹೀಗಿರುತ್ತದೆ: ‘ಇದು ಸಾಮೂಹಿಕ ಅನಾಹುತ ಎಂದು ಸಾರುವವರು ಯಾರು?’ ರಾತ್ರಿ ಎರಡು ಗಂಟೆಗೆ ದೊಡ್ಡ ಅಧಿಕಾರಿಯ ಅಪ್ಪಣೆಗೆ ಕಾಯುವಂತಿರಬಾರದು. ಆ ಪಾಳಿಯಲ್ಲಿರುವ ಹಿರಿಯ ವೈದ್ಯನಿಗೇ ಆ ಅಧಿಕಾರ ಇರಬೇಕು. ಅನಂತರದ ಕೆಲಸಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಅವಸರವಿಲ್ಲದ ಶಸ್ತ್ರಕ್ರಿಯೆಗಳನ್ನು ಮುಂದೂಡುವುದು. ಗುಣವಾಗುತ್ತಿರುವ ರೋಗಿಗಳನ್ನು ಮನೆಗೋ ಬೇರೆ ಕೋಣೆಗೋ ಕಳಿಸಿ ಹಾಸಿಗೆ ಬಿಡಿಸುವುದು. ಬಾಗಿಲಲ್ಲೇ ಅನುಭವಿ ವೈದ್ಯನೊಬ್ಬನನ್ನು ವಿಂಗಡಣೆಗೆ ನಿಲ್ಲಿಸುವುದು. ಶಸ್ತ್ರಕ್ರಿಯೆಯಲ್ಲಿ ಮೊದಲು ಪ್ರಾಣ ಉಳಿಸುವಷ್ಟನ್ನೇ ಮಾಡಿ, ಉಳಿದದ್ದನ್ನು ಮರುದಿನಕ್ಕೆ ಇಡುವುದು. ಹೆಸರು ತಿಳಿಯದವರಿಗೆ ಸಂಖ್ಯೆ ಕೊಡುವುದು. ಬಂಧುಗಳಿಗೆ ಬೇರೆ ಕೋಣೆ, ಬೇರೆ ಗುಮಾಸ್ತ, ತಾಸಿಗೊಮ್ಮೆ ತಿದ್ದಿದ ಪಟ್ಟಿ.

ಆಸ್ಪತ್ರೆಯ ಕಾವಲೂ ಯೋಜನೆಗೆ ಸೇರಿದ್ದು. ೨೦೦೮ನೆಯ ನವೆಂಬರ್ ೨೬ರ ರಾತ್ರಿ ಬಂದೂಕುಧಾರಿಗಳು ಮುಂಬಯಿಯ ಕಾಮಾ ಆಸ್ಪತ್ರೆಯೊಳಕ್ಕೇ ನುಗ್ಗಿದರು. ಅಲ್ಲಿಯ ದಾದಿಯರು ಬಾಗಿಲು ಭದ್ರಪಡಿಸಿ, ದೀಪ ಆರಿಸಿ, ಬಸುರಿ ಬಾಣಂತಿಯರನ್ನು ಕಾಪಾಡಿದರು.

ಕಾಗದದ ಮೇಲಿನ ಯೋಜನೆ ಅಭ್ಯಾಸವಿಲ್ಲದೆ ನಡೆಯದು. ಪ್ಯಾರಿಸ್ ನಗರದಲ್ಲಿ ೨೦೧೫ನೆಯ ನವೆಂಬರ್ ೧೩ರ ರಾತ್ರಿ ಹಲವು ಕಡೆ ದಾಳಿಗಳಾಗಿ ೧೩೦ ಮಂದಿ ಸತ್ತರು. ಅದೇ ದಿನ ಬೆಳಿಗ್ಗೆ ಆ ನಗರದ ತುರ್ತು ವೈದ್ಯ ಸೇವೆಯವರು, ಹಲವು ಕಡೆ ಗುಂಡು ಹಾರಿದರೆ ಏನು ಮಾಡಬೇಕೆಂಬುದನ್ನು ಅಭ್ಯಾಸ ಮಾಡಿದ್ದರು. ಬೆಳಿಗ್ಗೆ ಮಾಡಿದ್ದನ್ನೇ ರಾತ್ರಿ ನಿಜವಾಗಿ ಮಾಡಬೇಕಾಯಿತು. ಲಂಡನ್ ನಗರದಲ್ಲಿ ೨೦೦೫ನೆಯ ಜುಲೈ ೭ರಂದು ನೆಲದಡಿಯ ಮೂರು ಗಾಡಿಗಳಲ್ಲಿ, ಒಂದು ಬಸ್ಸಿನಲ್ಲಿ ಬಾಂಬು ಸಿಡಿದು ೫೨ ಪ್ರಯಾಣಿಕರು ಸತ್ತಾಗ, ಸುರಂಗದಲ್ಲಿ ಇಳಿದವರ ರೇಡಿಯೋ ಮೇಲಿನವರಿಗೆ ಮುಟ್ಟಲಿಲ್ಲ. ಸುದ್ದಿಯನ್ನು ಕಾಲ್ನಡಿಗೆಯಲ್ಲಿ ಒಯ್ಯಬೇಕಾಯಿತು. ಅಭ್ಯಾಸದಲ್ಲಿ ಇಂಥ ಕೊರತೆ ಕಂಡರೆ ಯಾರ ಪ್ರಾಣವೂ ಹೋಗುವುದಿಲ್ಲ.

ನಮ್ಮ ದೇಶದಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಈ ವಿಷಯದ ಮಾರ್ಗಸೂಚಿಯನ್ನು ೨೦೦೭ರಲ್ಲಿಯೇ ಹೊರಡಿಸಿದೆ. ಅದನ್ನು ನಮ್ಮ ಪೇಟೆಯ ಆಸ್ಪತ್ರೆ ಎಷ್ಟು ಅಭ್ಯಾಸ ಮಾಡಿದೆ ಎಂದು ನಗರಸಭೆಯ ಸದಸ್ಯರನ್ನು ಕೇಳುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇದೆ.

೬. ‘ಪೊಲೀಸ್ ಕೇಸು’ ಎಂಬ ಹೆದರಿಕೆ

ಗಾಯಾಳುವನ್ನು ಮುಟ್ಟಿದರೆ ಕೋರ್ಟು ಕಚೇರಿ ಅಲೆಯಬೇಕಾದೀತು ಎಂದು ನಮ್ಮಲ್ಲಿ ಅನೇಕರು ಹಿಂಜರಿಯುತ್ತಾರೆ. ದಿನಗೂಲಿಯವನಿಗೆ ಈ ಹೆದರಿಕೆ ಸಹಜ. ಆದರೆ ಕಾನೂನನ್ನು ತಿಳಿದಿರಬೇಕು. ಸರಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಬ್ಬ ವೈದ್ಯನೂ ಮೊದಲು ಪ್ರಾಣ ಉಳಿಸಬೇಕು, ಪೊಲೀಸ್ ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟು ೧೯೮೯ರ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ೧೯೯೬ರಲ್ಲಿ ಪಶ್ಚಿಮ ಬಂಗಾಳದ ಒಂದು ಮೊಕದ್ದಮೆ ಬಂತು. ಗಾಡಿಯಿಂದ ಬಿದ್ದು ತಲೆಗೆ ಪೆಟ್ಟಾದ ಬಡವನೊಬ್ಬನನ್ನು ಹಾಸಿಗೆಯಿಲ್ಲವೆಂದು ಒಂದಾದ ಮೇಲೊಂದು ಸರಕಾರಿ ಆಸ್ಪತ್ರೆಗಳು ಹಿಂದಕ್ಕೆ ಕಳಿಸಿದ್ದವು. ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ ಜೀವಿಸುವ ಹಕ್ಕಿಗೆ ಭಂಗವೆಂದು ಕೋರ್ಟು ಹೇಳಿ ಪರಿಹಾರ ಕೊಡಿಸಿತು. ರಸ್ತೆ ಅಪಘಾತದಲ್ಲಿ ನೆರವಾದವನನ್ನು ಪೀಡಿಸಬಾರದು, ಹೆಸರು ಹೇಳೆಂದು ಒತ್ತಾಯಿಸಬಾರದು ಎಂಬ ಮಾರ್ಗಸೂಚಿಗೆ ೨೦೧೬ರಲ್ಲಿ ಕೋರ್ಟಿನ ಮುದ್ರೆ ಬಿತ್ತು. ೨೦೧೯ರಲ್ಲಿ ಅದು ಮೋಟಾರು ವಾಹನ ಕಾಯಿದೆಗೂ ಸೇರಿತು.

೭. ನಮ್ಮ ಪಾಲಿನ ಕೆಲಸ

ಎಷ್ಟೇ ವೇಗವಾಗಿ ಬಂದರೂ ಆಂಬುಲೆನ್ಸಿಗೆ ಕೆಲವು ನಿಮಿಷ ಬೇಕು. ತೊಡೆಯ ದೊಡ್ಡ ರಕ್ತನಾಳ ಕಡಿದವನಿಗೆ ಅಷ್ಟು ನಿಮಿಷಗಳಿರುವುದಿಲ್ಲ. ಆದ್ದರಿಂದ ಏರ್ಪಾಡಿನ ಮೊದಲ ಕೊಂಡಿ ಪಕ್ಕದಲ್ಲಿ ನಿಂತವನೇ. ರಕ್ತ ನಿಲ್ಲಿಸುವ ವಿದ್ಯೆಯನ್ನು ಸಾಮಾನ್ಯ ಜನರಿಗೆ ಕಲಿಸುವ ದೊಡ್ಡ ಚಳುವಳಿಯೇ ಅಮೆರಿಕದಲ್ಲಿ ೨೦೧೫ರಲ್ಲಿ ಆರಂಭವಾಯಿತು. ಅದರ ಮುಖ್ಯ ಅಂಶಗಳಿವು:

(ಅ) ಮೊದಲು ನಿಮ್ಮ ಸುರಕ್ಷತೆ ನೋಡಿಕೊಳ್ಳಿ. ಎರಡನೆಯ ಬಾಂಬು ಇರಬಹುದು. ನೋಡುವುದಕ್ಕಾಗಿ ಗುಂಪುಗೂಡಬೇಡಿ. ವಾರಸುದಾರರಿಲ್ಲದ ಚೀಲವನ್ನು ಮುಟ್ಟಬೇಡಿ. ೧೧೨ ಅಥವಾ ೧೦೮ಕ್ಕೆ ಸುದ್ದಿ ಕೊಡಿ. ಸ್ಥಳ ಯಾವುದು, ಏನಾಯಿತು, ಸುಮಾರು ಎಷ್ಟು ಮಂದಿ ಎಂಬ ಮೂರು ಮಾತು ಸಾಕು.

(ಆ) ರಕ್ತ ಚಿಮ್ಮುವ ಜಾಗದ ಮೇಲೆ ಟವೆಲ್ಲನ್ನೋ ಪಂಚೆಯನ್ನೋ ಮಡಿಸಿ ಇಟ್ಟು, ಎರಡೂ ಕೈಗಳಿಂದ ಮೈಭಾರ ಹಾಕಿ ಒತ್ತಿರಿ. ನಿಂತಿತೇ ಎಂದು ಪದೇಪದೇ ಎತ್ತಿ ನೋಡಬೇಡಿ. ನೆಟ್ಟಿರುವ ಗಾಜು ಕಬ್ಬಿಣಗಳನ್ನು ಕೀಳಬೇಡಿ. ಅದರ ಸುತ್ತ ಒತ್ತಿರಿ.

(ಇ) ಕೈ ಅಥವಾ ಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ, ಗಾಯಕ್ಕಿಂತ ಮೂರು ನಾಲ್ಕು ಬೆರಳಿನಷ್ಟು ಮೇಲೆ, ಕೀಲನ್ನು ಬಿಟ್ಟು, ಮೂರು ಬೆರಳಗಲದ ಬಟ್ಟೆಪಟ್ಟಿ ಕಟ್ಟಿ. ಅದರಲ್ಲಿ ಗಟ್ಟಿಯಾದ ಕೋಲನ್ನು ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುವಿರಿ, ಬಿಚ್ಚದಂತೆ ಕಟ್ಟಿರಿ. ಬಹಳ ನೋಯುತ್ತದೆ, ಆದರೂ ಸಡಿಲಿಸಬೇಡಿ. ಕಟ್ಟಿದ ಸಮಯವನ್ನು ಬರೆದಿಡಿ. ತಂತಿ, ಸಣ್ಣ ಹಗ್ಗ ಬಳಸಬಾರದು. ಕುತ್ತಿಗೆಗೆ ಎಂದೂ ಕಟ್ಟಬಾರದು.

(ಈ) ನಿಮ್ಮ ಗಾಯ ಸಣ್ಣದಾಗಿದ್ದರೆ ತೀರ ಹತ್ತಿರದ ದೊಡ್ಡ ಆಸ್ಪತ್ರೆಯ ಬಾಗಿಲನ್ನು ತುಂಬಬೇಡಿ. ಸ್ವಲ್ಪ ದೂರದ ದವಾಖಾನೆಗೆ ಹೋಗಿರಿ.

(ಉ) ರಕ್ತದಾನ ಮಾಡುವವರು ಸಾಮಾನ್ಯ ದಿನಗಳಲ್ಲಿ ಮಾಡಿರಿ. ೨೦೦೧ನೆಯ ಸೆಪ್ಟೆಂಬರ್ ೧೧ರ ದಾಳಿಯ ಅನಂತರ ಅಮೆರಿಕದಲ್ಲಿ ಲಕ್ಷಗಟ್ಟಲೆ ಜನ ಸಾಲುಗಟ್ಟಿ ರಕ್ತ ಕೊಟ್ಟರು. ಗಾಯಾಳುಗಳಿಗೆ ಬೇಕಾದದ್ದು ಅತಿ ಅಲ್ಪ. ರಕ್ತವು ಸುಮಾರು ಆರು ವಾರಕ್ಕಿಂತ ಹೆಚ್ಚು ಕೆಡದೆ ಉಳಿಯದಾದ್ದರಿಂದ ಬಹಳಷ್ಟನ್ನು ಚೆಲ್ಲಬೇಕಾಯಿತು. ಮೊದಲ ತಾಸಿನಲ್ಲಿ ಉಪಯೋಗಕ್ಕೆ ಬರುವುದು ನಿನ್ನೆ ಕೊಟ್ಟ ರಕ್ತವೇ.

ಪರಊರಿನಲ್ಲಿ ದುಡಿಯುವ ನಮಗೆ ಇನ್ನೂ ಒಂದು ಚಿಂತೆ ಉಂಟು. ಉಡುಪಿಯಿಂದಲೋ ಕಲಬುರ್ಗಿಯಿಂದಲೋ ನಿನ್ನೆ ಮೊನ್ನೆ ಬಂದ ಹುಡುಗನಿಗೆ ಇಲ್ಲಿಯ ಭಾಷೆ ಬಾರದು. ಪ್ರಜ್ಞೆ ತಪ್ಪಿದರೆ ಯಾವ ಭಾಷೆಯೂ ಇಲ್ಲ. ಅವನು ಆಸ್ಪತ್ರೆಯಲ್ಲಿ ಬರಿಯ ಒಂದು ಸಂಖ್ಯೆಯಾಗಿ ಮಲಗಿರುವಾಗ, ಊರಿನಲ್ಲಿ ತಾಯಿ ಫೋನಿನ ಮುಂದೆ ಕುಳಿತಿರುತ್ತಾಳೆ. ಆದುದರಿಂದ ಪ್ರತಿಯೊಬ್ಬನೂ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಲಿ: ಹೆಸರು, ರಕ್ತದ ಗುಂಪು, ಸಕ್ಕರೆ ಕಾಯಿಲೆ ಮುಂತಾದವು, ಯಾವ ಔಷಧ ಒಗ್ಗದು, ಈ ಊರಿನ ಒಬ್ಬರ ಮತ್ತು ಸ್ವಂತ ಊರಿನ ಒಬ್ಬರ ಫೋನ್ ಸಂಖ್ಯೆ. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿರಲಿ. ಫೋನಿನಲ್ಲಿ ಇದೆಯಲ್ಲ ಎಂದರೆ ಸಾಲದು. ಬೀಗ ಹಾಕಿದ ಫೋನು ಯಾರಿಗೂ ಮಾತಾಡುವುದಿಲ್ಲ.

ಸಂಘದ ವಾಚನಾಲಯದಲ್ಲಿಯೂ ಒಂದು ವಹಿ ಇಡಬಹುದು. ಅನಾಹುತದ ದಿನ ಆಸ್ಪತ್ರೆಗೆ ಹೋಗಿ ಕನ್ನಡ ಗಾಯಾಳುಗಳ ಮಾತನ್ನು ವೈದ್ಯರಿಗೆ ತಿಳಿಸಬಲ್ಲವರು, ನಿಯಮಿತವಾಗಿ ರಕ್ತ ಕೊಡುವವರು, ಪ್ರಥಮ ಚಿಕಿತ್ಸೆ ಕಲಿತವರು ಅದರಲ್ಲಿ ಹೆಸರು ಬರೆಸಲಿ. ಸೇಂಟ್ ಜಾನ್ ಆಂಬುಲೆನ್ಸ್ ಮತ್ತು ರೆಡ್‌ಕ್ರಾಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ವರ್ಗಗಳನ್ನು ನಡೆಸುತ್ತವೆ. ಹತ್ತು ಮಂದಿ ಕೂಡಿ ಹೋದರೆ ಒಂದು ಚಾಳಿಗೆ, ಒಂದು ಹೋಟೆಲಿಗೆ, ಒಂದು ಕಚೇರಿಗೆ ಒಬ್ಬನಾದರೂ ತಿಳಿದವನಿರುತ್ತಾನೆ. ಇಂಥ ಕಲಿಕೆ ಬಾಂಬಿನ ದಿನಕ್ಕಷ್ಟೇ ಅಲ್ಲ. ಯಂತ್ರಕ್ಕೆ ಕೈ ಸಿಕ್ಕ ದಿನಕ್ಕೂ ಹಳಿಯಲ್ಲಿ ಕಾಲು ಜಾರಿದ ದಿನಕ್ಕೂ ಬೇಕು.

ಪಾಠದ ಸಾರಾಂಶ

ಗಾಯಾಳುಗಳಲ್ಲಿ ಗಂಭೀರರಾದವರು ಕೆಲವರೇ. ಅವರನ್ನು ಬೇಗ ಗುರುತಿಸುವುದು ವಿಂಗಡಣೆ. ಅವರನ್ನು ಸ್ಥಳವಿರುವ ಆಸ್ಪತ್ರೆಗೆ ಮುಟ್ಟಿಸುವುದು ಹಂಚಿಕೆ. ಅಲ್ಲಿಯವರೆಗೆ ರಕ್ತ ಸೋರದಂತೆ ಹಿಡಿಯುವುದು ಪಕ್ಕದಲ್ಲಿದ್ದವನ ಕೆಲಸ. ಈ ಮೂರೂ ಮೊದಲೇ ಕಲಿತಿದ್ದರೆ ಮಾತ್ರ ಆ ತಾಸಿನಲ್ಲಿ ಕೈಗೆ ಬರುತ್ತವೆ.

ವಿಚಾರಕ್ಕೆ ಪ್ರಶ್ನೆಗಳು

೧. ಹತ್ತಿರದ ಆಸ್ಪತ್ರೆಗೇ ಎಲ್ಲರನ್ನೂ ಒಯ್ಯುವುದರಿಂದ ಯಾರಿಗೆ ಹಾನಿ? ಏಕೆ?

೨. ನಡೆಯಬಲ್ಲ ಗಾಯಾಳುವಿಗೆ ಹಸಿರು ಚೀಟಿ ಕಟ್ಟಿದ ಮೇಲೂ ಆತನ ಮೇಲೆ ಕಣ್ಣಿಡಬೇಕು. ಕಾರಣವೇನು?

೩. ನೀವು ದಿನವೂ ಇಳಿಯುವ ನಿಲ್ದಾಣದಿಂದ ಶಸ್ತ್ರಕ್ರಿಯೆಯ ಸೌಕರ್ಯವಿರುವ ಎರಡು ಆಸ್ಪತ್ರೆಗಳು ಯಾವುವು? ತಿಳಿಯದಿದ್ದರೆ ಈ ವಾರದೊಳಗೆ ವಿಚಾರಿಸಿ ಬರೆದಿಟ್ಟುಕೊಳ್ಳಿ.

೪. ನಿಮ್ಮ ಜೇಬಿನಲ್ಲಿ ಈಗ ಹೆಸರಿನ ಚೀಟಿ ಇದೆಯೇ?